ಎಡಗಾಲಿನ ಹೆಬ್ಬೆರಳು ಎದ್ದ ದಿನ

ಒಂದು ಸೀನು ಸೀನಿದೆ. ಅಷ್ಟೇ.

ಬೆಳಗಿನ ಬಸ್ಸು ಯಲಬುರ್ಗಾ ಬಿಟ್ಟು ಕುಷ್ಟಗಿ ಕಡೆ ಹೊರಟಿತ್ತು. ನಾನು ಆ ಬಸ್ಸಿನ ಕಂಡಕ್ಟರ್. ಮುಂದಿನ ಸೀಟಿನವರು ಕಾಲ ಬುಡದಲ್ಲಿ ಒಣಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದರು, ಅದರ ಘಾಟಿಗೆ ಸೀನು ಬಂತು. ಅದರ ಹಿಂದೆಯೇ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗೆ ಒಂದು ನೋವು ಇಳಿಯಿತು. ಸೀಟಿನ ಕಂಬಿ ಹಿಡಿದು ನಿಂತುಬಿಟ್ಟೆ. ಟಿಕೆಟ್ ಕೇಳಿದವರು ಕೈ ಚಾಚಿಕೊಂಡೇ ಇದ್ದರು. ಒಂದು ನಿಮಿಷದ ಮೇಲೆ ಉಸಿರು ಬಂತು, ಟಿಕೆಟ್ ಕೊಟ್ಟೆ, ಬಸ್ಸು ತನ್ನ ಪಾಡಿಗೆ ತಾನು ಓಡುತ್ತಿತ್ತು.

ಹದಿನಾರು ವರ್ಷ ನಿಂತೇ ದುಡಿದವಳು ನಾನು. ಬೆನ್ನು ನೋಯುವುದು ಹೊಸದಲ್ಲ. ನೋವು ನಿವಾರಕ ಮುಲಾಮು ನಮ್ಮ ಡಿಪೋದಲ್ಲಿ ಕುಂಕುಮದಷ್ಟೇ ಸಾಮಾನ್ಯ, ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ಹಚ್ಚಿದೆ. ಗುಳಿಗೆ ನುಂಗಿದೆ. ಎರಡು ತಿಂಗಳು ಹೀಗೇ ತಳ್ಳಿದೆ.

ಆ ಎರಡು ತಿಂಗಳಲ್ಲಿ ಔಷಧಿ ಹೇಳದವರೇ ಇಲ್ಲ. ದಿನಾ ನಾನೂರು ಜನರನ್ನು ಹತ್ತಿಸಿ ಇಳಿಸುವವಳಿಗೆ ಸಲಹೆಗೆ ಏನು ಕೊರತೆ? ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ನೋವು ಹೋಗುತ್ತದೆ ಎಂದು ಒಬ್ಬ ಅಜ್ಜಿ ಹೇಳಿದಳು. ಹುಡುಕುತ್ತ ಹೋದರೆ, ಹಾಗೆ ಹುಟ್ಟಿದವನು ನಮ್ಮ ಬಸ್ಸಿನ ಡ್ರೈವರ್ ಹನುಮಂತನೇ. ತಾವರಗೇರಾ ನಿಲ್ದಾಣದಲ್ಲಿ ಬಸ್ಸು ನಿಂತಾಗ ಪ್ಯಾಸೆಂಜರುಗಳೆಲ್ಲ ಸೇರಿ ಅವನನ್ನು ಸೀಟಿನಿಂದ ಎಬ್ಬಿಸಿದರು. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ಮುಖ ಕೆಂಪಾಯಿತು.

"ಅಕ್ಕಾರ, ನಿಮಗ ಕಾಲು ಹ್ಯಾಂಗ ಹಚ್ಚಲ್ರಿ," ಅಂದ.

ಕೊನೆಗೆ ಕಾಲು ತೊಳೆದುಕೊಂಡು ಬಂದು, ಕಾಲ್ಬೆರಳ ತುದಿಯಿಂದ ನನ್ನ ಸೊಂಟಕ್ಕೆ ಮೂರು ಸಲ ಮುಟ್ಟಿಸಿದ. ಮುಟ್ಟಿಸಿದವನೇ ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಬಸ್ಸಿನ ತುಂಬ ನಗು. ನಾನೂ ನಕ್ಕೆ, ನಕ್ಕಿದ್ದಕ್ಕೆ ಬೆನ್ನು ಇನ್ನಷ್ಟು ಹಿಡಿಯಿತು.

ಅದಾದ ಮುಂದಿನ ವಾರ ನಗು ನಿಂತಿತು. ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಟಿಕೆಟ್ ಕೊಡುತ್ತ ಬಂದಿದ್ದೆ. ಒಬ್ಬ ಮುದುಕಪ್ಪ ಹಿಂದಿನಿಂದ ಕರೆದು, "ತಂಗಿ, ನಿನ್ನ ಚಪ್ಪಲಿ ಅಲ್ಲೇ ಬಿಟ್ಟಿ ನೋಡು," ಅಂದ. ಕೆಳಗೆ ನೋಡಿದೆ. ಎಡಗಾಲು ಬರಿಗಾಲು.

ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಆ ಸಂಜೆ ಮನೆಯಲ್ಲಿ ಕಾಲು ಚಾಚಿ ಕೂತು ಎರಡೂ ಪಾದ ಮೇಲಕ್ಕೆ ಎತ್ತಲು ನೋಡಿದೆ. ಬಲಗಾಲು ಎದ್ದಿತು. ಎಡಗಾಲಿನ ಹೆಬ್ಬೆರಳಿಗೆ ಏಳು ಎಂದರೆ ಅದು ಬೇರೆ ಯಾರಿಗೋ ಹೇಳಿದೆ ಎಂಬಂತೆ ಸುಮ್ಮನೆ ಮಲಗಿತ್ತು. ಎದುರಿಗೆ ಕೂತಿದ್ದ ನಮ್ಮ ಮನೆಯವರು ಈರಣ್ಣ ಎದ್ದು ಹೋಗಿ ಮರುದಿನದ ರಜೆಗೆ ಫೋನ್ ಮಾಡಿದರು, ತಮ್ಮದಕ್ಕೂ, ನನ್ನದಕ್ಕೂ. ಅವರು ಹುಡುಗರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾರೆ. ನಮ್ಮ ಮದುವೆಯಾದ ಮೇಲೆ ಅವರು ತಾವಾಗಿ ರಜೆ ಹಾಕಿದ್ದು ಅದೇ ಮೊದಲು.

ಕೊಪ್ಪಳದಲ್ಲಿ ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬೆನ್ನಿನ ಕೆಳಗಿನ ಎರಡು ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಜಾರಿ, ಕಾಲಿಗೆ ಹೋಗುವ ನರವನ್ನು ಒತ್ತುತ್ತಿತ್ತು. ಅವರು ಮೈಸೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಬರೀ ನೋವಿದ್ದಿದ್ದರೆ ಗುಳಿಗೆ, ವಿಶ್ರಾಂತಿ, ಫಿಸಿಯೋಥೆರಪಿಯಲ್ಲಿ ಕಾಯಬಹುದಿತ್ತು ಎಂದು ಬಿಡಿಸಿ ಹೇಳಿದರು.

"ಈಗ ಪಾದ ಸೋಲ್ತಾ ಇದೆ, ಅಮ್ಮ. ನೋವು ಕಾಯುತ್ತೆ, ನರ ಕಾಯಲ್ಲ."

ಆಪರೇಷನ್ ಮಾಡಿದರೆ ಪಾದ ಪೂರ್ತಿ ಸರಿಹೋಗುತ್ತದೆಯೇ ಎಂದು ಕೇಳಿದೆ. ಕಾಲಿನ ಸೆಳೆತ ಹೋಗುವ ಸಾಧ್ಯತೆ ಬಹಳ ಇದೆ, ಪಾದದ ಶಕ್ತಿಯ ಬಗ್ಗೆ ಮಾತು ಕೊಡಲಾರೆ, ತಡವಾದಷ್ಟೂ ಅದು ಕಷ್ಟ ಎಂದರು. ಮೂತ್ರ ಹಿಡಿಯಲು ಆಗದಿದ್ದರೆ ಮಾತ್ರ ಒಂದು ಗಂಟೆಯೂ ಕಾಯದೆ ಬರಬೇಕೆಂದು ಬರೆದುಕೊಟ್ಟರು. ಗಂಗಾವತಿಯಲ್ಲಿ ಇನ್ನೊಬ್ಬರಿಗೆ ತೋರಿಸಿದೆವು. ಅವರು ವಯಸ್ಸಾದವರು, ಮಾತು ಕಡಿಮೆ. ಅವರೂ ಅದನ್ನೇ ಹೇಳಿದರು.

ಮನೆಗೆ ಬಂದು ಹೇಳಿದಾಗ ನಮ್ಮ ಅತ್ತೆ ಗೌರಮ್ಮ ಜೋಳ ಹಸನು ಮಾಡುತ್ತ ಕೂತಿದ್ದರು. ಮೊರ ಕೆಳಗಿಟ್ಟರು.

"ಬೆನ್ನಿಗೆ ಕತ್ತಿ ಬಿದ್ದವರು ಎದ್ದಿದ್ದು ನಾ ನೋಡಿಲ್ಲ," ಅಂದರು. "ನಮ್ಮಣ್ಣನ್ನ ನೋಡೀನಿ. ಹೊರಸಿನ ಮ್ಯಾಲೆ ಹನ್ನೊಂದು ವರ್ಷ ಮಲಗಿದ್ದ."

ಅವರ ಅಣ್ಣನಿಗೆ ಆಗಿದ್ದ ರೋಗ ಯಾವುದೋ, ಆಪರೇಷನ್ ಯಾವುದೋ, ಅದು ಯಾವ ಕಾಲದ್ದೋ. ಕೇಳಿದರೆ ಅವರಿಗೂ ಗೊತ್ತಿಲ್ಲ. ಆದರೆ ಆ ಹೊರಸು ಮಾತ್ರ ನನ್ನ ತಲೆಯೊಳಗೆ ಬಂದು ಕೂತಿತು. ರಜೆ ಮುಂದುವರಿಸಲು ಫೋನ್ ಮಾಡಿದಾಗ ಡಿಪೋದವರು ಕೇಳಿದರೆ "ನಮ್ಮ ಅತ್ತಿ ಒಪ್ಪವಲ್ರು" ಎನ್ನುತ್ತಿದ್ದೆ. ಎಂಟು ದಿನ ಹಾಗೇ ಹೇಳುತ್ತ ಕಳೆದೆ. ನಿಜ ಹೇಳಬೇಕೆಂದರೆ ಭಯ ನನ್ನದೇ. ಅತ್ತೆಯ ಹೆಸರು ಹೇಳಿದರೆ ನನ್ನ ಪುಕ್ಕಲುತನ ಮುಚ್ಚಿಹೋಗುತ್ತಿತ್ತು. ಹೆಚ್ಚೆಂದರೆ ಹಿರಿಯರ ಮಾತು ಕೇಳುವ ಸೊಸೆ ಎನ್ನಿಸಿಕೊಳ್ಳುತ್ತಿದ್ದೆ.

ದಾರಿ ತೋರಿಸಿದವಳು ತಾವರಗೇರಾದ ದುರ್ಗಮ್ಮ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ನಮ್ಮ ಬಸ್ಸಿಗೆ ಎಷ್ಟೋ ವರ್ಷದಿಂದ ಬರುತ್ತಾಳೆ. ಬುಟ್ಟಿಯನ್ನು ತಾನು ಎತ್ತದೆ ಬೇರೆಯವರಿಂದ ಎತ್ತಿಸುತ್ತಾಳೆ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು. ನಾನು ರಜೆ ಹಾಕಿದ ಸುದ್ದಿ ಕೇಳಿ ಹನುಮಂತನ ಫೋನಿನಿಂದ ಮಾತಾಡಿದಳು. ತನಗೂ ಇದೇ ಆಪರೇಷನ್ ಆಗಿದೆ, ಬಂದು ನೋಡಿ ಹೋಗು ಅಂದಳು.

ಅತ್ತೆಯನ್ನೂ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಾಗಿ ಮಲಗಿಯೇ ಪ್ರಯಾಣ. ಸಂತೆಯಲ್ಲಿ ಮೆಂತ್ಯ, ಪುಂಡಿಪಲ್ಲೆಯ ಸಿವುಡುಗಳ ಹಿಂದೆ ಎತ್ತರದ ಸ್ಟೂಲಿನ ಮೇಲೆ ದುರ್ಗಮ್ಮ ಕೂತಿದ್ದಳು. ಅತ್ತೆಯ ಕೈ ಹಿಡಿದು ತನ್ನ ಬೆನ್ನ ಮೇಲೆ, ರವಿಕೆಯ ಕೆಳಗೆ ಇಟ್ಟುಕೊಂಡಳು. ಅತ್ತೆ ಬೆರಳಿನಿಂದ ಆ ಗೆರೆಯನ್ನು ಮೇಲಿಂದ ಕೆಳಗೆ ಸವರಿದರು. ಎರಡು ಬೆರಳಿನಗಲವೂ ಇಲ್ಲವಲ್ಲ ಎಂದು ನನ್ನ ಕಡೆ ನೋಡಿದರು. ಆಮೇಲೆ ಅವರ ವಿಚಾರಣೆ ಶುರುವಾಯಿತು. ಕೂರಲು ಬರುತ್ತದೆಯೇ, ನೀರು ತರುತ್ತೀಯೇನು, ಬಗ್ಗಿ ಕಸ ಗುಡಿಸುತ್ತೀಯೇನು, ಮಳೆಗಾಲದಲ್ಲಿ ಹಿಡಿಯುತ್ತದೆಯೇ.

"ನೋಡವ್ವ, ನಾಕು ವರ್ಷ ಆತು," ಅಂದಳು ದುರ್ಗಮ್ಮ. "ಕಾಲಿನ ಸೆಳೆತ ಹೋತು. ಕಿರುಬೆರಳು ಇವತ್ತಿಗೂ ಜೋಮು ಹಿಡದಂಗ ಐತಿ. ಬುಟ್ಟಿ ನಾ ಎತ್ತಾಂಗಿಲ್ಲ. ಎಲ್ಲಾ ಛಲೋ ಆಗೇತಿ ಅಂತ ಸುಳ್ಳು ಹೇಳೂದಿಲ್ಲ. ಆದ್ರ ಸಂತಿಗೆ ಬಂದೀನಿ ನೋಡು."

ಎಲ್ಲ ವಾಸಿಯಾಯಿತು ಎಂದು ಅವಳು ಹೇಳಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ಆ ಜೋಮು ಹಿಡಿದ ಕಿರುಬೆರಳು ನನಗೆ ಧೈರ್ಯ ಕೊಟ್ಟಿತು. ವಾಪಸು ಬರುವಾಗ ಕುಷ್ಟಗಿ ದಾಟಿದ ಮೇಲೆ ಅತ್ತೆ, ದವಾಖಾನೆಗೆ ತಾವೂ ಬರುವುದಾಗಿ ಹೇಳಿದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವರು. ನಾನು ಅಲ್ಲಿಯೇ, ಮಲಗಿದ್ದ ಸೀಟಿನಿಂದಲೇ ಕೊಪ್ಪಳಕ್ಕೆ ಫೋನ್ ಮಾಡಿ ದಿನ ಕೇಳಿದೆ. ಮಾಡಿಸಿಕೊಳ್ಳುತ್ತೇನೆ ಎಂದು ಬಾಯಿಂದ ಬಂದ ಮೇಲೆ ಬೆನ್ನಿಗಿಂತ ಮೊದಲು ಎದೆ ಹಗುರಾಯಿತು.

ಅಡ್ಮಿಟ್ ಆದ ದಿನ ಅತ್ತೆ ಡಾಕ್ಟರನ್ನು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿದರು.

"ನಿನ್ನ ಕೈ ತೋರ್ಸಪಾ," ಅಂದರು.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎರಡೂ ಕೈ ಮುಂದೆ ಚಾಚಿದರು. ಅತ್ತೆ ಕನ್ನಡಕ ಏರಿಸಿ ಸಾಕಷ್ಟು ಹೊತ್ತು ನೋಡಿದರು. ನರ್ಸುಗಳು ನಿಂತಲ್ಲೇ ನಿಂತಿದ್ದರು.

"ನಡುಗೂದಿಲ್ಲ. ಮಾಡು."

ಈರಣ್ಣ ಕಾಗದಕ್ಕೆ ಸಹಿ ಹಾಕಿದರು. ಅವರ ಕೈ ಮಾತ್ರ ನಡುಗುತ್ತಿತ್ತು. ಪುಣ್ಯಕ್ಕೆ ಅದನ್ನು ಅತ್ತೆ ನೋಡಲಿಲ್ಲ.

ಆಪರೇಷನ್ ಥಿಯೇಟರಿನ ತಂಪು, ತಲೆಯ ಮೇಲಿನ ದೊಡ್ಡ ದೀಪ, ಮೂಗಿನ ಮೇಲೆ ಮಾಸ್ಕ್. ಅಷ್ಟು ನೆನಪಿದೆ. ಆಮೇಲಿನದು ಬೇರೆಯವರು ಹೇಳಿದ್ದು. ಪ್ರಜ್ಞೆ ಬರುವಾಗ ನಾನು ಕಣ್ಣು ಮುಚ್ಚಿಕೊಂಡೇ ದೊಡ್ಡ ದನಿಯಲ್ಲಿ "ಮುಂದ ಸರೀರಿ, ಒಳಗ ಜಾಗಾ ಐತಿ, ಮುಂದ ಸರೀರಿ" ಎಂದು ಕೂಗುತ್ತಿದ್ದೆನಂತೆ. ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆಗಿದ್ದ ಒಬ್ಬ ಹಿರಿಯರು, ಪಾಪ, ಅರ್ಧ ನಿದ್ದೆಯಲ್ಲಿ ನಿಜವಾಗಿಯೂ ಸರಿಯಲು ಹೊರಟಿದ್ದರಂತೆ. ಡಿಸ್ಚಾರ್ಜ್ ಆಗುವ ತನಕ ನರ್ಸುಗಳು ನನ್ನ ಹೆಸರು ಬಿಟ್ಟು "ಮುಂದ ಸರೀರಿ ಅಕ್ಕ" ಎಂದೇ ಕರೆದರು.

ಎಚ್ಚರವಾದ ಮೇಲೆ ಮೊದಲು ಹುಡುಕಿದ್ದು ನೋವನ್ನು. ಬೆನ್ನಿನ ಗಾಯ ಉರಿಯುತ್ತಿತ್ತು, ಅದು ಬೇರೆ. ಸೊಂಟದಿಂದ ಹಿಮ್ಮಡಿಗೆ ಇಳಿಯುತ್ತಿದ್ದ ಆ ಕರೆಂಟು ಇರಲಿಲ್ಲ. ಕೆಮ್ಮಿ ನೋಡಿದೆ. ಇಲ್ಲ. ನಮ್ಮೂರಲ್ಲಿ ಕರೆಂಟು ಹೋದರೆ ಎಲ್ಲರೂ ಬೈಯುವುದೇ ಹೆಚ್ಚು. ಕರೆಂಟು ಹೋಯಿತೆಂದು ಕಣ್ಣೀರು ಹಾಕಿ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗಿ ಬಂದು ಒಂದೇ ಮಗ್ಗುಲಿಗೆ ದಿಮ್ಮಿಯ ಹಾಗೆ ಹೊರಳಿ ಏಳುವುದನ್ನು ಕಲಿಸಿದಳು. ಎದ್ದೆ. ನಿಂತೆ. ನಾಲ್ಕು ಹೆಜ್ಜೆ ನಡೆದೆ. ನಂತರ ಡಾಕ್ಟರು ಬಂದು ಪಾದ ಎತ್ತಲು ಹೇಳಿದರು.

ಹೆಬ್ಬೆರಳು ಏಳಲಿಲ್ಲ.

ಅವರು ಗಾಬರಿಯಾಗಲಿಲ್ಲ. ಒತ್ತಡ ತೆಗೆದಿದ್ದೇವೆ, ನರ ತನ್ನ ಸಮಯ ತೆಗೆದುಕೊಳ್ಳುತ್ತದೆ, ತಿಂಗಳುಗಳೇ ಆಗಬಹುದು, ವ್ಯಾಯಾಮ ಬಿಡಬೇಡಿ ಎಂದರು. ನಾನು ಹೂಂ ಅಂದೆ. ಗೋಡೆ ಕಡೆ ತಿರುಗಿ ಮಲಗಿದೆ. ಮೊದಲೇ ಹೇಳಿದ್ದರು, ಮಾತು ಕೊಡಲಾರೆ ಎಂದು. ಆದರೂ ಮನಸ್ಸು ಎಲ್ಲೋ ಒಂದು ಕಡೆ ಅವರಿಂದ ಮಾತು ತೆಗೆದುಕೊಂಡುಬಿಟ್ಟಿತ್ತು. ಎತ್ತಲಾರದ ಪಾದ ಇಟ್ಟುಕೊಂಡು ಓಡುವ ಬಸ್ಸಿನಲ್ಲಿ ಯಾರು ನಿಲ್ಲುತ್ತಾರೆ? ಹದಿನಾರು ವರ್ಷದ ಕೆಲಸ ಒಂದು ಬೆರಳಿನ ಮೇಲೆ ನಿಂತಿತ್ತು.

ಮನೆಗೆ ಬಂದ ಮೇಲೆ ನಿಯಮಗಳು. ನೆಲದ ಮೇಲೆ ಕೂರುವಂತಿಲ್ಲ, ಬಗ್ಗುವಂತಿಲ್ಲ, ತುಂಬಿದ ಕೊಡ ಮುಟ್ಟುವಂತಿಲ್ಲ, ಸೊಂಟಕ್ಕೆ ಬೆಲ್ಟ್ ಕಟ್ಟದೆ ಹೊಸ್ತಿಲು ದಾಟುವಂತಿಲ್ಲ. ಪಿಯುಸಿ ಓದುವ ಮಗಳು ಸುಮಾ ಅವನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದಳು. ಅಡುಗೆಮನೆಯನ್ನು ಈರಣ್ಣ ವಹಿಸಿಕೊಂಡರು. ಅಲ್ಲಿಂದ ನಮ್ಮ ಓಣಿಗೇ ಹಬ್ಬ.

ನೂರಿಪ್ಪತ್ತು ಹುಡುಗರಿಗೆ ಅಡುಗೆ ಮಾಡುವವರ ಕೈಗೆ ನಾಲ್ಕು ಜನರ ಅಳತೆ ತಿಳಿಯುವುದಿಲ್ಲ. ಮೊದಲ ದಿನದ ಉಪ್ಪಿಟ್ಟು ಎರಡು ಪಾತ್ರೆ ತುಂಬಿ ಮೂರನೆಯದಕ್ಕೆ ಬಂತು. ಸಾರು ಮಾಡಿದರೆ ಎದುರು ಮನೆಯವರು, ಪಕ್ಕದ ಮನೆಯವರು, ಮೂಲೆಯ ಹಿಟ್ಟಿನ ಗಿರಣಿಯವರು ಎಲ್ಲರೂ ಪಾತ್ರೆ ತಂದರು. ಹತ್ತನೆಯ ದಿನಕ್ಕೆ ಎದುರು ಮನೆಯಾಕೆ ಬಂದು, ಇವತ್ತು ನಿಮ್ಮ ಮನೆಯಲ್ಲಿ ಏನು, ನಾನು ರೊಟ್ಟಿಯಷ್ಟೇ ಬಡಿದರೆ ಸಾಕೋ ಎಂದು ಮೊದಲೇ ಕೇಳಿಕೊಂಡು ಹೋದಳು. ನಾನು ಮಲಗಿದ್ದಲ್ಲಿಂದಲೇ ಉಪ್ಪು ಕಡಿಮೆ ಮಾಡಿ ಎಂದರೆ ಅವರು, "ನೂರು ಮಂದಿ ಸುಮ್ನ ಉಣ್ತಾರ, ನಿನಗೊಬ್ಬಾಕಿಗೇ ಹೆಚ್ಚಾಗತೈತಿ," ಎನ್ನುತ್ತಿದ್ದರು.

ನೋಡಲು ಬರುವವರೆಲ್ಲ ಒಂದೊಂದು ಕಥೆ ತರುತ್ತಿದ್ದರು. ಯಾರದೋ ಭಾವನಿಗೆ ಹೀಗೇ ಆಪರೇಷನ್ ಆಗಿ ಮತ್ತೆ ಡಿಸ್ಕ್ ಜಾರಿದ್ದು, ಇನ್ಯಾರಿಗೋ ಕೀವಾಗಿದ್ದು. ಮೂರನೆಯ ದಿನದಿಂದ ಅತ್ತೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಬರುವವರನ್ನು ತಡೆದು, ಬೆನ್ನಿನ ಕಥೆ ಇದ್ದರೆ ಇಲ್ಲೇ ತಮಗೆ ಹೇಳಿ ಮುಗಿಸಿ ಒಳಗೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದರು. ಎಷ್ಟೋ ಜನ ಅಲ್ಲೇ ಮುಗಿಸಿ, ಉಪ್ಪಿಟ್ಟು ತಿಂದು ಹೋದರು.

ಎಲ್ಲವೂ ಹೀಗೆ ನಗುನಗುತ್ತ ನಡೆಯಲಿಲ್ಲ. ನಾಲ್ಕನೆಯ ವಾರ ಮೈ ಹಗುರಾಗಿತ್ತು, ನಡಿಗೆ ಚೆನ್ನಾಗಿತ್ತು, ನನಗೆ ಸೊಕ್ಕು ಬಂತು. ನೆಲಕ್ಕೆ ಬಿದ್ದ ಬಾಚಣಿಗೆ ತೆಗೆಯಲು ಯಾರನ್ನು ಕರೆಯುವುದು ಎಂದು ಬಗ್ಗಿದೆ. ಬೆನ್ನು ಕಟ್ಟಿ ಹಾಕಿದಂತೆ ಹಿಡಿಯಿತು. ಬಗ್ಗಿದವಳು ಬಗ್ಗಿದಂತೆಯೇ. ಮಗಳು ಅಳಲು ಶುರು ಮಾಡಿದಳು. ಕೊಪ್ಪಳಕ್ಕೆ ಹೋಗುವ ದಾರಿಯುದ್ದಕ್ಕೂ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ, ಎಲ್ಲ ಹೋಯಿತು, ಮಾಡಿಸಿದ್ದೆಲ್ಲ ಹೋಯಿತು ಎಂದುಕೊಳ್ಳುತ್ತಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಸ್ನಾಯು ಹಿಡಿದಿದೆ ಅಷ್ಟೇ, ಒಳಗೆ ಏನೂ ಆಗಿಲ್ಲ ಎಂದರು. ಆಮೇಲೆ ಚೆನ್ನಾಗಿ ಬೈದರು. ನನ್ನ ಜೀವನದಲ್ಲಿ ಬೈಗುಳ ಅಷ್ಟು ಸಿಹಿಯಾಗಿ ಕೇಳಿಸಿದ್ದು ಅದೊಂದೇ ಸಲ.

ದಿನಾ ಬೆಳಿಗ್ಗೆ ಹಾಸಿಗೆಯ ಮೇಲೆ ಕಾಲು ಚಾಚಿ ಹೆಬ್ಬೆರಳಿನ ಅಭ್ಯಾಸ. ಏಳು ಎಂದು ಮನಸ್ಸಿನಲ್ಲಿ ಹೇಳುವುದು, ಕೈಯಿಂದ ಎತ್ತುವುದು, ಬಿಡುವುದು. ಅತ್ತೆ ಎದುರಿಗೆ ಕೂತು ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಆ ಬೆರಳನ್ನೇ ನೋಡುತ್ತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಾವಿಬ್ಬರೂ ದಿನಕ್ಕೆ ಒಂದು ಗಂಟೆ ಎದುರುಬದುರು ಕೂತದ್ದು ಇರಲಿಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಅವರು ಏನು ಉಂಡರು, ಯಾರ ಜೊತೆ ಮಾತಾಡಿದರು, ಏನೂ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅವರಿಗೆ ಕ್ರಿಕೆಟ್ ಎಂದರೆ ಜೀವ ಎಂಬುದು ನನಗೆ ತಿಳಿದದ್ದು ಈ ಆಪರೇಷನ್ನಿನಿಂದ.

ಹತ್ತನೆಯ ವಾರದ ಒಂದು ಬೆಳಿಗ್ಗೆ ನಾನು ಏನೋ ಯೋಚಿಸುತ್ತ ಲೆಕ್ಕ ತಪ್ಪಿದ್ದೆ. ಅತ್ತೆ ಕೈ ಎತ್ತಿ ತಡೆದರು.

"ಇನ್ನೊಮ್ಮಿ ಮಾಡು," ಅಂದರು.

ಮಾಡಿದೆ.

"ಅಲುಗೇತಿ. ಕಾಳಿನಷ್ಟು. ಆದ್ರ ಅಲುಗೇತಿ."

ನನಗೆ ಕಾಣಲಿಲ್ಲ. ಮತ್ತೆ ಮಾಡಿದೆ. ಈ ಸಲ ಕಂಡಿತು. ಉಗುರಿನ ತುದಿ ಮೇಲಕ್ಕೆ ಹೋಗಿ ಕೆಳಗೆ ಬಂತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಏನೋ ಬಿದ್ದಿದೆ ಎಂದು ಹೊರಗೆ ಹೋದರು. ಒಳಗೆ ಈರಣ್ಣ ಆ ಖುಷಿಗೆ ಶಿರಾ ಮಾಡಲು ನಿಂತರು. ಎಷ್ಟು ಜನರಿಗೆ ಎಂದು ಹೇಳಬೇಕಾಗಿಲ್ಲ.

ಈಗ ಆರು ತಿಂಗಳು. ಪಾದ ಏಳುತ್ತದೆ, ಪೂರ್ತಿ ಅಲ್ಲ. ಡಾಕ್ಟರು ತಮ್ಮ ಅಂಗೈಯಿಂದ ಪಾದವನ್ನು ಕೆಳಕ್ಕೆ ಒತ್ತಿ, ಐದಕ್ಕೆ ನಾಲ್ಕು ಎಂದು ಬರೆದುಕೊಂಡರು. ಉಳಿದ ಒಂದು ಬಂದರೆ ಬರಬಹುದು ಅಂದರು. ಬರದಿದ್ದರೂ ನಾಲ್ಕರಲ್ಲಿ ಬದುಕಬಹುದು ಎಂದು ನನಗೆ ಅನ್ನಿಸಿದೆ. ಡಿಪೋದಲ್ಲಿ ಸದ್ಯ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ, ಬಂದು ಹೋಗುವ ಬಸ್ಸುಗಳ ಸಮಯ ಬರೆದುಕೊಳ್ಳುವುದು. ಮತ್ತೆ ಬಸ್ಸು ಹತ್ತುವುದು ಮುಂದಿನ ತಪಾಸಣೆಯ ಮೇಲೆ ಬಿಟ್ಟಿದ್ದು. ಓಡುವ ಬಸ್ಸಿನ ನೆಲವನ್ನು ಕಾಲು ನೆನಪಿಸಿಕೊಳ್ಳುತ್ತದೆ. ಆದರೆ ಅವಸರ ಮಾಡುವುದಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಅತ್ತೆಯ ಜೊತೆ ಊರ ಹೊರಗಿನ ರಸ್ತೆಯಲ್ಲಿ ನಡೆಯುತ್ತೇನೆ. ಎರಡೂ ಕಡೆ ಕಡಲೆ ಹೊಲ. ಹೋದ ತಿಂಗಳು ಒಂದು ಸಂಜೆ ಅತ್ತೆ ನಡುದಾರಿಯಲ್ಲಿ ನಿಂತರು. ಸೇತುವೆಯ ಕಟ್ಟೆ ಹಿಡಿದು ಸಾವಕಾಶ ಕೂತರು.

"ನನಗೂ ಬೆನ್ನು ನೋಯತೈತಿ," ಅಂದರು. "ಭಾಳ ವರ್ಷ ಆತು."

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಕೊಯ್ತಾರಂತ ಅಂಜಿಕಿ. ಈಗ ನಿನ್ನ ನೋಡೀನಲ್ಲ."

ಅದರ ಮುಂದಿನ ವಾರ ನನ್ನ ತಪಾಸಣೆಯ ದಿನವೇ ಅವರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಕಾಲು ಎತ್ತಿಸಿ, ಬಗ್ಗಿಸಿ ನೋಡಿದರು. ವಯಸ್ಸಿನ ಸವೆತ, ಆಪರೇಷನ್ ಬೇಕಿಲ್ಲ, ಒಂದಿಷ್ಟು ಗುಳಿಗೆ, ದಿನಾ ವ್ಯಾಯಾಮ ಸಾಕು ಎಂದರು. ಹೊರಗೆ ಬಂದ ಮೇಲೆ ಅತ್ತೆ, ಇವನು ಸರಿಯಾಗಿ ನೋಡಿದನೋ ಇಲ್ಲವೋ ಎಂದು ನನ್ನನ್ನೇ ಕೇಳಿದರು. ಅಷ್ಟು ಧೈರ್ಯ ತಂದುಕೊಂಡು ಬಂದದ್ದು ವ್ಯರ್ಥವಾಯಿತು ಎಂಬಂತಿತ್ತು ಮುಖ.

ಈಗ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಎರಡು ಮಂಚ ಪಕ್ಕಪಕ್ಕ. ನಾನು ಪಾದ ಎತ್ತುತ್ತೇನೆ, ಅವರು ಮೊಣಕಾಲು ಮಡಚಿ ಸೊಂಟ ಎತ್ತುತ್ತಾರೆ. ಹತ್ತು ಸಲ ಮಾಡಬೇಕು. ಏಳಕ್ಕೇ ಹತ್ತಾಯಿತು ಎನ್ನುತ್ತಾರೆ. ನಾನು ಬಿಡುವುದಿಲ್ಲ.